ಗೋಡೆಗೆ ತೊಡಿಸಿದ ಬಳೆ

ಹರಪನಹಳ್ಳಿಯಿಂದ ಹಲವಾಗಲಿಗೆ ಹೊರಟಿದ್ದ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನೆರಳು ಹುಡುಕುತ್ತ ಅಲ್ಲಿನ ಹಳ್ಳಿಯ ಹಳೆಯ ಲೂಥರನ್ ಚರ್ಚಿಗೆ ಹೋದೆ. ಒಳಗೆ ರಿಪೇರಿ ನಡೆದಿತ್ತು. ಎರಡು ಮೊಳ ದಪ್ಪದ ಕಲ್ಲುಗೋಡೆ, ತುದಿ ಚೂಪಾದ ಕಮಾನಿನ ಕಿಟಕಿಗಳು, ಮೇಲೆ ಹೆಂಚು ಇಳಿಸಿದ ಬೋಳು ಮಾಡು. ಒಂದು ಕಮಾನಿನಿಂದ ನೆಲದವರೆಗೂ ಗೋಡೆ ಬಿರುಕು ಬಿಟ್ಟಿತ್ತು. ಆ ಬಿರುಕಿಗೆ ಅಡ್ಡವಾಗಿ ಹಸಿರು ಗಾಜಿನ ಬಳೆಯೊಂದನ್ನು ಗಾರೆ ಮೆತ್ತಿ ಕೂರಿಸಿದ್ದರು. ಅದರ ಮುಂದೆ ಒಬ್ಬ ಹೆಂಗಸು ಕಣ್ಣು ಮಿಟುಕಿಸದೆ ಕೂತಿದ್ದಳು.

"ಇದು ಯಾಕಕ್ಕ?" ಎಂದೆ.

"ಗ್ವಾಡಿ ಅಲುಗಿದ್ರ ಬಳಿ ಒಡಿತೈತ್ರಿ. ಒಡದ್ರ ಕೂಗು ಅಂದಾರ ನಮ್ಮನಿಯವ್ರು. ಮ್ಯಾಲ ತೊಲಿ ಬಿಚ್ಚಾಕ ಹತ್ಯಾರ."

"ಬಳೆ ಯಾರದು?"

"ನಂದರಿ. ಬ್ಯಾರೆ ಯಾರೂ ಕೊಡಲಿಲ್ಲ."

ಮೇಲೆ ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಬಿರುಕಿನಿಂದ ಸುಣ್ಣದ ಪುಡಿ ಉದುರುತ್ತಿತ್ತು. ಹೊರಗೆ ಓಡಬೇಕೆನಿಸಿತು. ಆದರೂ ನಾನೂ ಬಳೆಯನ್ನೇ ನೋಡುತ್ತ ನಿಂತೆ.

ಟಕ್ ಎಂದಿತು.

ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಗಂಡ ಮಾಡಿನ ಮೇಲಿರುವಾಗ ತನ್ನ ಬಳೆ ಒಡೆಯಿತೆಂದು ಯಾವ ಹೆಂಗಸು ತಾನೇ ಕೂಗಿಯಾಳು? ನಾನೇ ಅರಚಿದೆ: "ಇಳೀರಿ! ಬಳೆ ಒಡೀತು!"

ಆತ ದಡದಡನೆ ಏಣಿ ಇಳಿದು ಬಂದ. ಗೋಡೆಗೆ ಇನ್ನೊಂದು ಮರದ ಆಸರೆ ಕೊಟ್ಟು, ಹೊಸ ಗಾರೆ ಕಲಸಿ, ಹೆಂಡತಿಯತ್ತ ಕೈ ಚಾಚಿದ.

"ಇನ್ನೊಂದು ಕೊಡು. ಇನ್ನಾ ಎರಡು ತೊಲಿ ಅದಾವ."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.