ಮೂರನೇ ಸಾಲಿಗೂ ಕೇಳದ ದನಿ

ಬಂಡಳ್ಳಿಯ ಶಾಂತಮೂರ್ತಿ ಮೇಷ್ಟ್ರು ಇನ್ನೊಬ್ಬರನ್ನು ಮೆಚ್ಚಲಾರದ ಮನುಷ್ಯ. ಮೂವತ್ತು ವರ್ಷ ಹಾರ್ಮೋನಿಯಂ ಮುಂದೆ ಕೂತು ಊರೂರಿಗೆ ಪೌರಾಣಿಕ ನಾಟಕ ಕಲಿಸಿದರು. ಹಾಡು ಚೆನ್ನಾಗಿ ಬಂದಾಗ ಜನ ‘ಒನ್ಸ್ ಮೋರ್’ ಎಂದು ಕೂಗುವುದು, ಮೇಷ್ಟ್ರಾದವರು ಅದನ್ನೇ ಇನ್ನೊಮ್ಮೆ ಹಾಡಿಸುವುದು ಈ ಕಡೆಯ ರೂಢಿ. ಇವರು ಒಮ್ಮೆಯೂ ಹಾಡಿಸಲಿಲ್ಲ. ಜನ ಕೂಗುತ್ತಿದ್ದಂತೆಯೇ ಮುಂದಿನ ಹಾಡಿನ ಶ್ರುತಿ ಹಿಡಿಯುತ್ತಿದ್ದರು.

ಪುಷ್ಪಳಿಗೆ ಇದು ಚೆನ್ನಾಗಿ ಗೊತ್ತು. ಅವಳು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವವಳು. ಆರು ವರ್ಷದ ಹಿಂದೆ, ಮೇಷ್ಟ್ರ ನಾಟಕಕ್ಕೆ ಮೈಸೂರಿನಿಂದ ನಟಿಯರನ್ನು ಕರೆಸುವ ಬದಲು ತನಗೇ ಒಂದು ಪಾತ್ರ ಕೊಡಿ ಎಂದು ಕೇಳಿದ್ದಳು. ಮೇಷ್ಟ್ರು ನಾಲ್ಕು ಮಾತು ಆಡಿಸಿ ನೋಡಿ, ಎಲ್ಲರೆದುರು ಹೇಳಿದ್ದರು: “ನಿನ್ ದನಿ ಮೂರನೇ ಸಾಲ್ಗೂ ಓಗಲ್ಲ ಕಣವ್ವ. ಮನೇಲೇ ಮಾತಾಡ್ಕೊ.”

ಅಂಥವಳನ್ನು ಹನೂರಿನ ಮಣಿಕಂಠ ತನ್ನ ಸಿನಿಮಾದ ಮುಖ್ಯ ಪಾತ್ರಕ್ಕೆ ಹಾಕಿಕೊಂಡ. ಸಿನಿಮಾ ಅಂದರೆ ನಾಲ್ಕೈದು ಗೆಳೆಯರು, ಒಂದು ಕ್ಯಾಮೆರಾ, ಭಾನುವಾರಗಳ ಶೂಟಿಂಗ್. ಮುಂದಿನ ಚಿತ್ರಕ್ಕೂ ಕರೆದಿದ್ದ; ಪುಷ್ಪ ಇನ್ನೂ ಒಪ್ಪಿರಲಿಲ್ಲ. ಕೊಳ್ಳೇಗಾಲದ ಪ್ರದರ್ಶನಕ್ಕೆ ಮೇಷ್ಟ್ರನ್ನು ತಾನೇ ಹೋಗಿ ಕರೆದಳು. ಅವರು ಮತ್ತೆ ಅದೇ ಮಾತು ಹೇಳಿದರೆ ನಟನೆ ಇಲ್ಲಿಗೇ ಸಾಕೆಂದು ನಿರ್ಧರಿಸಿದ್ದಳು.

ತೆರೆಯ ಮೇಲೆ ಅಣ್ಣನಾದವನು ಜಮೀನಿನ ಪತ್ರವನ್ನು ತಂಗಿಯ ಪಕ್ಕದಲ್ಲಿಟ್ಟು ಮುದ್ದೆ ಮುರಿಯುತ್ತಿದ್ದ. ತಂಗಿ ಪಾತ್ರೆ ಬೆಳಗುತ್ತ, ತಿರುಗಿಯೂ ನೋಡದೆ, “ನಾ ರುಜು ಆಕಲ್ಲ ಕಣಣ್ಣ” ಅಂದಳು. ಅದೇ ಸಣ್ಣ ದನಿ. ಕ್ಯಾಮೆರಾ ಅವಳ ಮುಖಕ್ಕೆ ಓಡಲಿಲ್ಲ. ಬೆನ್ನ ಹಿಂದೆಯೇ ಉಳಿದು, ಬೂದಿ ಮೆತ್ತಿದ ಕೈ ಸುಮ್ಮನಾದದ್ದನ್ನು ತೋರಿಸಿತು. ಅಣ್ಣನಿಗೆ ಬಾಯಲ್ಲಿದ್ದ ತುತ್ತು ನುಂಗಲು ಹೊತ್ತು ಹಿಡಿಯಿತು. ಪಿಟೀಲುಗಳ ಅಬ್ಬರವಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಾರ್ಮೋನಿಯಂನ ಒಂದೇ ಸ್ವರ, ಕಟ್ಟಿಕೊಂಡಿದ್ದ ಉಸಿರು ಬಿಟ್ಟ ಹಾಗೆ.

ಮೊದಲ ಸಾಲಿನಲ್ಲಿದ್ದ ಮೇಷ್ಟ್ರು ಎದ್ದರು. ಹೊರಟೇಬಿಟ್ಟರು ಎಂದುಕೊಂಡ ಪುಷ್ಪ ತಲೆ ತಗ್ಗಿಸಿದಳು. ಅವರು ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮಣಿಕಂಠನ ಹತ್ತಿರ ಹೋಗಿ, “ಒನ್ಸ್ ಮೋರ್” ಅಂದರು.

ಯಾರೋ ನಕ್ಕರು. ಇದು ನಾಟಕ ಅಲ್ಲ ಸಾ, ಅಂದ ಇನ್ನೊಬ್ಬ. ಮಣಿಕಂಠ ಪುಷ್ಪಳ ಕಡೆ ಒಮ್ಮೆ ನೋಡಿ, ಚಿತ್ರವನ್ನು ಹಿಂದಕ್ಕೆ ಓಡಿಸಿದ.

“ತಡಿಯಪ್ಪ” ಅಂದರು ಮೇಷ್ಟ್ರು. ಸಾಲುಗಳನ್ನು ದಾಟುತ್ತ ನಡೆದು, ಕೊನೆಯ ಕುರ್ಚಿಗಳ ಆಚೆ ಗೋಡೆಗೆ ಬೆನ್ನು ಕೊಟ್ಟು ನಿಂತರು.

“ಊ, ಈಗ್ ಆಕು.”