ಮೊಮ್ಮಕ್ಕಳ ಪಾಲಿನ ರೊಟ್ಟಿ

ಗಾಣಗಾಪುರದಲ್ಲಿ ಕಾಯಿ, ಊದಿನಕಡ್ಡಿ ಮಾರುವ ದತ್ತಪ್ಪನ ಹೆಂಡತಿಯಾಗಿ ಬಂದಾಗ ಮಧುಮತಿ ಕಡ್ಡಿಯಂತಿದ್ದಳು. ತವರಾದ ಕೊಳಕೂರಿನವರು ಮಗಳಿಗೆ ಹೊಟ್ಟೆತುಂಬ ಹಾಕಿಲ್ಲವೆಂದು ಅತ್ತೆ ಕಸ್ತೂರಿಬಾಯಿ ಅಂದೇ ತೀರ್ಮಾನಿಸಿಬಿಟ್ಟಳು.

ಅತ್ತೆಯ ಪ್ರೀತಿಯೆಲ್ಲ ತಾಟಿನಲ್ಲೇ. ಸೊಸೆಯ ಮುಟ್ಟು ಚೂರು ತಡವಾದರೆ ಸಾಕು, "ಒಂದು ನಿನಗ, ಒಂದು ಹೊಟ್ಟ್ಯಾಗಿನ ಕೂಸಿಗೆ" ಎಂದು ರೊಟ್ಟಿ ಎರಡಾಗುತ್ತಿತ್ತು. ಮೇಲೆ ತುಪ್ಪ, ಶೇಂಗಾ ಹೋಳಿಗೆ. ಓಣಿಗೆಲ್ಲ ಸುದ್ದಿ. ತಿಂಗಳುಗಟ್ಟಲೆ ಕಳೆದು ಮುಟ್ಟಾದಾಗ ಅತ್ತೆ ಸೊಸೆ ಇಬ್ಬರೂ ಕೂತು ಅಳುತ್ತಿದ್ದರು. ಮೈ ಬಂದಂತೆ ಮುಟ್ಟು ದೂರವಾಯಿತು, ಮುಟ್ಟು ದೂರವಾದಂತೆ ಊಟ ಹೆಚ್ಚಾಯಿತು. ಮಧುಮತಿಗೆ ಬೇಕಿದ್ದದ್ದು ಒಂದು ಮಗು. ಇಲ್ಲದ ಕೂಸುಗಳಿಗಾಗಿ ಅತ್ತು ಅತ್ತು ಅವಳು ಸೋತುಹೋಗಿದ್ದಳು.

ಕೊನೆಗೆ ದತ್ತಪ್ಪ ಇಬ್ಬರನ್ನೂ ಕಲಬುರಗಿಯ ಡಾಕ್ಟರ್ ನಿಶಾತ ಅವರ ಬಳಿಗೆ ಕರೆದೊಯ್ದ. ತಾನೂ ಪರೀಕ್ಷೆ ಮಾಡಿಸಿಕೊಂಡ. ಅವನಲ್ಲಿ ಕೊರತೆ ಕಾಣಲಿಲ್ಲ. ಮುಟ್ಟು ನಿಂತದ್ದೆಲ್ಲ ಬಸಿರಲ್ಲ, ಮೈಯಲ್ಲಿ ಕೊಬ್ಬು ಹೆಚ್ಚಾದರೆ ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆಯಾಗುವುದೇ ತಪ್ಪಬಹುದು, ತೂಕ ಸ್ವಲ್ಪ ಇಳಿದರೂ ದಾರಿಗೆ ಬರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಉಪವಾಸ ಬೇಡ, ನಡಿಗೆ ಬೇಕು ಎಂದರು. ಉಣ್ಣಿಸಿದ್ದೇ ತಪ್ಪಾಯಿತೆಂದರೆ ಯಾವ ಅತ್ತೆಗೆ ನುಂಗಲಾದೀತು?

ಮರುದಿನವೂ ಎರಡನೆಯ ರೊಟ್ಟಿ ಬಂತು. ಮಧುಮತಿ ಜಗಳಕ್ಕೆ ಹೋಗಲಿಲ್ಲ. ಆ ಊರಿನಲ್ಲಿ ಮಧ್ಯಾಹ್ನ ಯಾತ್ರಿಕರು ಮನೆಮನೆಗೆ ಮಧುಕರಿ ಬೇಡಿ ಬರುತ್ತಾರೆ. ಬಂದವನು ದತ್ತ ದೇವರೇ ಇರಬಹುದೆಂದು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಊಟಕ್ಕೆ ಕೂರುವ ಮೊದಲೇ ಅವಳು ಆ ರೊಟ್ಟಿಯನ್ನು ಅವರ ಜೋಳಿಗೆಗೆ ಹಾಕಿದಳು. ಭಿಕ್ಷೆಗೆ ಬೇಡವೆನ್ನಲು ಕಸ್ತೂರಿಬಾಯಿಗೆ ಬಾಯಿ ಬರಲಿಲ್ಲ. ದಿನಾ ಇದೇ ನಡೆಯಿತು. ಸಂಜೆ ಮಧುಮತಿ ಚೌಡಾಪುರದ ದಾರಿ ಹಿಡಿದು ನಡೆದು ಬರುತ್ತಿದ್ದಳು.

ತಿಂಗಳುಗಳು ಉರುಳಿದವು. ಮುಟ್ಟು ಹೊತ್ತಿಗೆ ಸರಿಯಾಗಿ ಬಂತು, ಮರುತಿಂಗಳೂ ಬಂತು. ಅತ್ತೆಗೆ ಹೇಳುವಾಗ ಮಧುಮತಿಗೆ ಹಳೆಯ ಅಂಜಿಕೆಯೇ, ಆದರೂ ನಗು ತಡೆಯಲಾಗಲಿಲ್ಲ. ಈ ಸಲ ಯಾರೂ ಅಳಲಿಲ್ಲ.

ಮುಟ್ಟಿನ ದಿನಗಳಲ್ಲಿ ಸೊಸೆ ಭಿಕ್ಷೆ ಹಾಕುವಂತಿಲ್ಲ. ಎರಡನೆಯ ರೊಟ್ಟಿ ಇವತ್ತು ತನ್ನ ತಾಟಿಗೇ ಬೀಳುವುದು ಖಾತ್ರಿ ಎಂದು ಮಧುಮತಿ ಊಟಕ್ಕೆ ಕೂತಳು. ಬಾಗಿಲಲ್ಲಿ ಮಧುಕರಿಯವರ ದನಿ ಕೇಳಿತು. ಕಸ್ತೂರಿಬಾಯಿ ರೊಟ್ಟಿ ಹಿಡಿದು ಸೊಸೆಯ ಮುಖ ನೋಡಿದಳು. ಆಮೇಲೆ ಹೊರಗೆ ಹೋಗಿ ಅದನ್ನು ಜೋಳಿಗೆಗೆ ಹಾಕಿದಳು.

"ಇದು ನನ್ನ ಮೊಮ್ಮಕ್ಕಳ ಪಾಲ್ರೀ," ಎಂದಳು. "ಅವು ಬರೂತನಕ ನೀವು ಉಣ್ರಿ."