ಬಾಕಿ ಉಳಿದ ಒಂಬತ್ತರ ಚೆಂಡು

ಕೋಲಿನಲ್ಲಿ ಚೆಂಡಾಡುವ ಪೂಲ್ ಟೇಬಲ್ಲಿಗೆ ಬಟ್ಟೆ ಹೊದಿಸುವುದೂ ಒಂದು ಕಸುಬು ಎಂದರೆ ಹೆಣ್ಣು ಕೊಡುವವರು ನಂಬುವುದಿಲ್ಲ. ಬಟ್ಟೆಯಣ್ಣನ ಮಾವನೂ ನಂಬಿರಲಿಲ್ಲ. "ಮೇಜಿಗೆ ಬಟ್ಟೆ ಹಾಕ್ತಾನಂತೆ. ಯಾಕೆ, ಮೇಜಿಗೆ ಚಳಿಯಾಗತ್ತಾ?" ಎಂದು ಒಳಗೆ ಹೆಂಡತಿಯ ಹತ್ತಿರ ಗೊಣಗಿದ್ದು ಹೊರಗೆ ಕೂತಿದ್ದ ವರನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ವರ ಸುಮ್ಮನಿರುವ ಆಸಾಮಿಯಲ್ಲ. ಹಸಿರು ಬಟ್ಟೆಯ ಕೆಳಗೆ ಕಲ್ಲಿರುತ್ತದೆ, ಮೂರು ಚಪ್ಪಡಿ. ಅವು ಕೂಡುವ ಕಡೆ ಮೇಣ ತುಂಬಿ, ಬೆರಳಿಗೆ ಸಂದು ಸಿಗದ ಹಾಗೆ ಕೆರೆಯಬೇಕು. ಆಮೇಲೆ ಬಟ್ಟೆಯನ್ನು ಡೋಲಿನ ಚರ್ಮದ ಹಾಗೆ ಎಳೆದು ಕೂರಿಸಬೇಕು ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟ. "ಬಟ್ಟೆ ಸಡಿಲ ಆದ್ರೆ ಚೆಂಡು ಸುಳ್ಳು ಹೇಳತ್ತೆ" ಎಂದು ಮುಗಿಸಿ, ಎಲ್ಲರೂ ಬರೆದುಕೊಳ್ಳಲಿ ಎಂಬಂತೆ ಸುತ್ತ ನೋಡಿದ. ಯಾರೂ ಬರೆದುಕೊಳ್ಳಲಿಲ್ಲ. ಹುಡುಗಿ ಮಾತ್ರ ಬಾಗಿಲ ಸಂದಿಯಲ್ಲಿ ನಕ್ಕಳು. ಮದುವೆಯಾಯಿತು.

ಅವನಿಗೆ ಈಗ ಐವತ್ತೆಂಟು. ಊರಿನ ಎಲ್ಲ ಟೇಬಲ್ಲುಗಳ ಬಟ್ಟೆಯೂ ಅವನದೇ ಕೈಕೆಲಸ. ಆದರೆ ಅದನ್ನು ಹೊಗಳಿದರೆ ಅವನಿಗೆ ಅಷ್ಟಾಗಿ ಖುಷಿಯಿಲ್ಲ. ತಾನು ಮೂಲತಃ ಆಟಗಾರ, ಬಟ್ಟೆ ಏನಿದ್ದರೂ ಹೊಟ್ಟೆಪಾಡು ಎಂಬುದು ಅವನ ನಂಬಿಕೆ. ಆಟಗಾರ ಎಂಬುದಕ್ಕೆ ಅವನ ಬಳಿ ಇರುವ ಸಾಕ್ಷಿ ಒಂದೇ ಒಂದು. ಅದು ಇನ್ನೂ ಹೊಡೆಯದ ಒಂದು ಹೊಡೆತ.

ಆ ಕಥೆ ನಡೆದದ್ದು ಸೈಕಲ್ ಅಂಗಡಿಯ ಮೇಲಿನ ಆರು ಟೇಬಲ್ಲುಗಳ ಪೂಲ್ ಹಾಲಿನಲ್ಲಿ, ಮೂರನೇ ಟೇಬಲ್ಲಿನ ಮೇಲೆ, ಹದಿನೆಂಟು ವರ್ಷಗಳ ಹಿಂದೆ. ಎದುರಾಳಿ ಸಾಹುಕಾರ. ಹೆಸರು ಕೇಳಿ ಮೋಸ ಹೋಗಬಾರದು. ಊರಲ್ಲಿ ಅವನು ಸಾಲ ತೆಗೆದುಕೊಳ್ಳದ ಮನುಷ್ಯ ಇರಲಿಲ್ಲ. ಸಾಲ ಕೇಳುವಾಗಲೂ ಕೊಡುವವನ ಗತ್ತು: "ನೋಡಪ್ಪಾ, ನಿನ್ನ ಹತ್ರ ಐನೂರು ಸುಮ್ನೆ ಕೂತಿದೆ. ಅದಕ್ಕೊಂದು ದಾರಿ ಮಾಡ್ತೀನಿ." ಆದರೂ ಅವನನ್ನು ಪೂರ್ತಿ ದ್ವೇಷಿಸಲು ಯಾರಿಗೂ ಆಗುತ್ತಿರಲಿಲ್ಲ. ಟೈರ್ ಅಂಗಡಿಯವನ ತಾಯಿ ಆಸ್ಪತ್ರೆ ಸೇರಿದಾಗ ನಾಲ್ಕು ದಿನ ಪಕ್ಕದಲ್ಲಿ ಕೂತವನು ಸಾಹುಕಾರನೇ. ಐದನೇ ದಿನ ಟೈರ್ ಅಂಗಡಿಯವನ ಹತ್ತಿರ ಮತ್ತೆ ಸಾಲ ಕೇಳಿದ, ಅದು ಬೇರೆ ಮಾತು.

ಬಟ್ಟೆಯಣ್ಣನಿಗೆ ಅವನಲ್ಲಿ ಇಷ್ಟವಾದದ್ದು ಇನ್ನೊಂದು. ಎದುರಾಳಿ ಒಳ್ಳೆಯ ಹೊಡೆತ ಹೊಡೆದರೆ ಸಾಹುಕಾರ ಕುರ್ಚಿಯಲ್ಲಿ ಕೂತಲ್ಲೇ ಕೋಲಿನ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದ. ಟಕ್, ಟಕ್. ಬಾಯಲ್ಲಿ ಒಂದು ಮಾತಿಲ್ಲ. ಸುಮಾರಾದ ಹೊಡೆತಕ್ಕೆ ಒಂದೂ ಇಲ್ಲ. ಹಾಲಿನವರೆಲ್ಲ ಚಪ್ಪಾಳೆ ತಟ್ಟಿದರೂ ಬಟ್ಟೆಯಣ್ಣ ಆ ಎರಡು ಸದ್ದಿಗಾಗಿ ಕಿವಿ ನಿಮಿರಿಸುತ್ತಿದ್ದ.

ಆವತ್ತು ಒಂಬತ್ತು ಆಟ ಮೊದಲು ಗೆದ್ದವನಿಗೆ ಹಣ ಎಂದು ಮಾತು. ಹಾಲಿನ ಪದ್ಧತಿಯಂತೆ ಬಾಜಿಯ ಹಣವನ್ನು ಟೇಬಲ್ಲಿನ ಮೇಲೆ ತೂಗುವ ಉದ್ದನೆಯ ತಗಡಿನ ದೀಪದ ನೆತ್ತಿಯಲ್ಲಿಟ್ಟರು. ಅಲ್ಲಿಟ್ಟ ಹಣವನ್ನು ಆಟ ಮುಗಿಯದೆ ಯಾರೂ ಮುಟ್ಟುವಂತಿಲ್ಲ. ಹೆತ್ತಮ್ಮನ ಪರ್ಸಿಗೆ ಕೈ ಹಾಕುವವರೂ ಆ ದೀಪಕ್ಕೆ ಕೈ ಹಾಕುತ್ತಿರಲಿಲ್ಲ. ಬಟ್ಟೆಯಣ್ಣ ಇಟ್ಟದ್ದು ಹೆಂಡತಿ ಹೊಲಿಗೆ ಮಷೀನಿಗೆಂದು ಕೂಡಿಸಿದ ಹಣ. ಸಾಹುಕಾರ ಇಟ್ಟದ್ದು ಟೈರ್ ಅಂಗಡಿಯವನು, ಬಡ್ಡಿ ಮೀಸೆ ಎಂದೇ ಹೆಸರಾದ ಲೇವಾದೇವಿಗಾರ, ಲಾರಿಯವನು, ಈ ಮೂರು ಜನರಿಂದ ತಂದ ಸಾಲ. ಆ ಮೂವರೂ ಕೆಳಗೆ ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕಾಯುತ್ತಿದ್ದರು.

ಎಂಟು-ಎಂಟು ಆಯಿತು. ಕೊನೆಯ ಆಟ. ಟೇಬಲ್ಲಿನ ಮೇಲೆ ಉಳಿದದ್ದು ಬಿಳಿ ಚೆಂಡು ಮತ್ತು ಒಂಬತ್ತರ ಚೆಂಡು. ಬಿಳಿಯಿಂದ ಹೊಡೆದು ಒಂಬತ್ತನ್ನು ಪಾಕೆಟ್ಟಿಗೆ ಹಾಕಿದವನು ಗೆದ್ದ. ಹೊಡೆತ ಬಟ್ಟೆಯಣ್ಣನದು. ಅವನು ಕೋಲಿನ ತುದಿಗೆ ಚಾಕ್ ಉಜ್ಜುತ್ತಿದ್ದಾಗ ಸಾಹುಕಾರ ಎದ್ದ.

"ಒಂದ್ನಿಮಿಷ ಇರೋ. ಕೈ ತೊಳ್ಕೊಂಡು ಬರ್ತೀನಿ. ನಾನಿಲ್ದೆ ಹೊಡೀಬೇಡ, ಲೆಕ್ಕಕ್ಕಿಲ್ಲ."

ಅದೂ ಹಾಲಿನ ಕಾನೂನೇ. ಎದುರಾಳಿ ಕುರ್ಚಿಯಲ್ಲಿ ಕೂತು ನೋಡದೆ ಹೊಡೆದ ಹೊಡೆತಕ್ಕೆ ಬೆಲೆಯಿಲ್ಲ. ಒಳಗಿನಿಂದ ನಲ್ಲಿಯ ಸದ್ದು ಬಂತು. ಬರುತ್ತಲೇ ಇತ್ತು. ಅರ್ಧ ಗಂಟೆಯಾದ ಮೇಲೆ ಯಾರೋ, "ಇಷ್ಟೊಂದು ಶುಚಿ ಮನುಷ್ಯ ಅಂತ ಗೊತ್ತಿರ್ಲಿಲ್ಲ" ಎಂದರು. ಹೋಗಿ ನೋಡಿದರೆ ನಲ್ಲಿ ಸುರಿಯುತ್ತಿದೆ, ಕಿಟಕಿ ತೆರೆದಿದೆ, ಆಚೆ ಹಿಂದಿನ ಕಬ್ಬಿಣದ ಮೆಟ್ಟಿಲು ಖಾಲಿಯಿದೆ.

ಆಗಿನ ಮಾಲೀಕರು ನ್ಯಾಯ ಹೇಳಿದರು: "ಕುರ್ಚಿ ಖಾಲಿ ಆದ್ರೆ ಆಟ ನಿಂತಿದೆ ಅಂತ ಅರ್ಥ, ಮುಗಿದಿದೆ ಅಂತಲ್ಲ." ಹಾಗಾಗಿ ಹಣ ದೀಪದ ಮೇಲೇ ಉಳಿಯಿತು. ಬಟ್ಟೆಯಣ್ಣ ಎರಡು ಚೆಂಡುಗಳಿದ್ದ ಜಾಗಕ್ಕೆ ಗುರುತು ಹಾಕಿಕೊಂಡ. ಮುಂದೆ ಆ ಟೇಬಲ್ಲಿನ ಬಟ್ಟೆ ಬದಲಿಸಿದಾಗ ಕಲ್ಲಿನ ಮೇಲೇ ಪೆನ್ಸಿಲಿನಲ್ಲಿ ಬರೆದ: ಬಿಳಿಗೆ ಒಂದು ಅಡ್ಡಗೆರೆ, ಒಂಬತ್ತಕ್ಕೆ ಒಂದು ಸೊನ್ನೆ. ಮೂರು ವರ್ಷಕ್ಕೊಮ್ಮೆ ಬಟ್ಟೆ ತೆಗೆದು ಹಳೆಯ ಅಂಟು ಕೆರೆಯುವಾಗ ಗುರುತು ಅಳಿಸಿಹೋಗುತ್ತದೆ. ಅದಕ್ಕೆ ಮೊದಲೇ ಗಂಟು ಹಾಕಿದ ದಾರದಿಂದ ಅಳೆದುಕೊಂಡು, ಕೆರೆದಾದ ಮೇಲೆ ಮತ್ತೆ ಬರೆಯುತ್ತಿದ್ದ. ಹೀಗೆ ಆರು ಸಲ.

ವರ್ಷಗಳು ಕಳೆದಂತೆ ಆ ಹೊಡೆತದ ವರ್ಣನೆ ಟೀ ಅಂಗಡಿಯಲ್ಲಿ ಬೆಳೆಯುತ್ತ ಹೋಯಿತು. "ಬಿಳಿ ಚೆಂಡು ಅಂಚಿಗೆ ಅಂಟ್ಕೊಂಡಿದೆ. ಕೋಲು ಇಡೋಕೇ ಜಾಗ ಇಲ್ಲ. ಒಂಬತ್ತು ಓರೆಯಾಗಿ ನಿಂತಿದೆ. ಇಂಥದ್ದನ್ನ ಹೊಡೆಯೋನು ಯಾರಿದ್ದಾನೆ ಹೇಳಿ?" ಉತ್ತರ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಹೇಳುತ್ತಿರಲಿಲ್ಲ. ಅಂದಿನಿಂದ ಅವನು ಯಾರ ಜೊತೆಗೂ ಬಾಜಿ ಕಟ್ಟಿ ಆಡಲಿಲ್ಲ. ಯಾಕೆಂದು ಕೇಳಿದರೆ, "ನೋಡೋನಿಲ್ಲ" ಎನ್ನುತ್ತಿದ್ದ. ಹಾಲಿನಲ್ಲಿ ಮೂವತ್ತು ಜನ ಇರುತ್ತಿದ್ದರು.

ಅವನ ಹೆಂಡತಿ ಕಂತಿನ ಮೇಲೆ ತಾನೇ ಹೊಲಿಗೆ ಮಷೀನು ಕೊಂಡು, ಕಂತೂ ತೀರಿಸಿ, ಅದರ ಬೆಲ್ಟು ಎರಡು ಸಲ ಬದಲಿಸಿದ್ದಾಳೆ. ಆದರೂ ಯಾರಾದರೂ ಕೇಳಿದರೆ, "ಇದು ಎರಡನೇದು. ಮೊದಲನೇದು ದೀಪದ ಮೇಲೆ ಕೂತಿದೆ" ಎನ್ನುವುದನ್ನು ಬಿಟ್ಟಿಲ್ಲ.

ಹೀಗಿರುವಾಗ ಹಾಲನ್ನು ಮುಚ್ಚುವುದೆಂದಾಯಿತು. ಮಾಲೀಕರು ತೀರಿಕೊಂಡ ಮೇಲೆ ನಡೆಸುತ್ತಿದ್ದ ಅವರ ಹೆಂಡತಿ ಬಟ್ಟೆಯಣ್ಣನನ್ನು ಕರೆದು ಹೇಳಿದರು: "ಶನಿವಾರ ಟೇಬಲ್ ತೊಗೊಂಡು ಹೋಗ್ತಾರೆ. ಬಿಚ್ಚೋ ಕೆಲಸ ನಿಂದೇ ಕಣಪ್ಪ, ಬೇರೆಯವರ ಕೈಗೆ ಕೊಟ್ರೆ ಕಲ್ಲು ಒಡೀತಾರೆ."

"ಮೂರನೇದೂನಾ ಅಕ್ಕಾ?"

"ಮೂರನೇದೇನು, ಅದಕ್ಕೆ ಕೊಂಬಿದ್ಯಾ?"

ಬಟ್ಟೆಯಣ್ಣ ಆ ದಿನ ಊಟ ಮಾಡಲಿಲ್ಲ. ಶನಿವಾರದೊಳಗೆ ಸಾಹುಕಾರ ಬಂದು ಆ ಕುರ್ಚಿಯಲ್ಲಿ ಕೂರದಿದ್ದರೆ, ಆ ಹೊಡೆತ ಇನ್ನೆಂದಿಗೂ ಇಲ್ಲ. ಊರೂರು ತಿರುಗಿ ಕೋಲಿನ ತುದಿಗೆ ಅಂಟಿಸುವ ಚರ್ಮ ಮಾರುವವನ ಹತ್ತಿರ ಅವನ ನಂಬರು ಸಿಕ್ಕಿತು. ಸಾಹುಕಾರ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಾನೆ, ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ ಎಂದು ತಿಳಿಯಿತು. ಫೋನ್ ಮಾಡಿದ. ಅತ್ತ ಕಡೆ ಬಹಳ ಹೊತ್ತು ಬರೀ ಜೆರಾಕ್ಸ್ ಯಂತ್ರದ ಗುರ್ ಸದ್ದು.

"ಹೊಡೆದ್ಬಿಟ್ಟೆಯೇನೋ?" ಎಂದಿತು ಕೊನೆಗೆ ಆ ಧ್ವನಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ನೀನಿಲ್ದೆ ಹೇಗೋ ಹೊಡೀಲಿ?"

ಮತ್ತೆ ಗುರ್. "ಟೈರ್ ಅಂಗಡಿಯವನು ಇದ್ದಾನಾ?"

"ಹೋಗಿ ಆರು ವರ್ಷ ಆಯ್ತು."

"ಆ ಬಡ್ಡಿ ಮೀಸೆ?"

"ಅವನೂ ಹೋದ."

"ಲಾರಿಯವನು?"

"ಇದ್ದಾನೆ. ಆದ್ರೆ ಅವನಿಗೆ ತನ್ನ ಮಗನ ಗುರುತೇ ಸಿಗಲ್ಲ, ನಿಂದೆಲ್ಲಿ ಸಿಗತ್ತೆ?"

ಸಾಹುಕಾರ ನಿಟ್ಟುಸಿರು ಬಿಟ್ಟ. "ಹಾಗಾದ್ರೆ ಇಷ್ಟು ದಿನ ನಾನು ಯಾರಿಗೆ ಹೆದರ್ಕೊಂಡು ಕೂತಿದ್ದೆನೋ?"

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದ. ಬಟ್ಟೆಯಣ್ಣ ಆಗ ಮಾಡಿದ ಕೆಲಸಕ್ಕೆ ಊರೇ ನಕ್ಕಿತು. ಶನಿವಾರ ಬಿಚ್ಚಿಹಾಕಬೇಕಾದ ಟೇಬಲ್ಲಿಗೆ, ತನ್ನ ಕೈಯಿಂದ ದುಡ್ಡು ಹಾಕಿ, ಹೊಸ ಬಟ್ಟೆ ತಂದು ಹೊದಿಸತೊಡಗಿದ. ಒಂದೂವರೆ ದಿನದ ಕೆಲಸ. ಮೇಣ ಕಾಯಿಸಿ ಸಂದು ತುಂಬಿದ, ಕೆರೆದ, ಕಣ್ಣು ಮುಚ್ಚಿ ಬೆರಳಾಡಿಸಿದ, ಮತ್ತೆ ಕೆರೆದ.

"ಒಂದೇ ಒಂದು ಹೊಡೆತಕ್ಕಾ?" ಎಂದಳು ಹೆಂಡತಿ ಊಟದ ಡಬ್ಬಿ ಇಡುತ್ತ. "ರೀ, ನಮ್ಮ ಮದುವೆಗೇ ನೀವು ಹೊಸ ಬಟ್ಟೆ ಹಾಕಿರ್ಲಿಲ್ಲ, ನಿಮ್ಮಣ್ಣಂದು ಹಾಕ್ಕೊಂಡಿದ್ರಿ."

ಶುಕ್ರವಾರ ಮಧ್ಯಾಹ್ನ ಹಾಲು ತುಂಬಿತ್ತು. ಹವಾಮಾನ ಎಂಬ ಅಡ್ಡಹೆಸರಿನ ಹಳೆಯ ಬಾಜಿಗಾರನೂ ಬಂದಿದ್ದ. ನಲವತ್ತು ವರ್ಷಗಳಲ್ಲಿ ಅವನು ಹೇಳಿದ ಒಂದು ಭವಿಷ್ಯವೂ ನಿಜವಾಗಿರಲಿಲ್ಲ. ಅವನು ಯಾರು ಗೆಲ್ಲುತ್ತಾನೆಂದು ಹೇಳಿದರೆ ಜನ ಕಣ್ಣು ಮುಚ್ಚಿ ಇನ್ನೊಬ್ಬನ ಮೇಲೆ ಹಣ ಹಾಕಿ ಮನೆ ಕಟ್ಟಿಸಿಕೊಂಡಿದ್ದರು. ಅವನ ಆತ್ಮವಿಶ್ವಾಸ ಮಾತ್ರ ಒಂದು ಚೂರೂ ಕುಗ್ಗಿರಲಿಲ್ಲ.

ಸಾಹುಕಾರ ಮೆಟ್ಟಿಲು ಹತ್ತಿ ಬಂದ. ಹತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೈಯಲ್ಲಿ ಊರುಗೋಲು, ಮೈ ಅರ್ಧವಾಗಿತ್ತು. ಗತ್ತು ಮಾತ್ರ ಪೂರ್ತಿ ಉಳಿದಿತ್ತು. ಯಾರನ್ನೂ ಮಾತಾಡಿಸದೆ ಟೇಬಲ್ಲಿನ ಬಳಿ ಬಂದ. ಬಟ್ಟೆಯಣ್ಣ ದಾರದಿಂದ ಅಳೆದು ಚೆಂಡುಗಳನ್ನು ಇಟ್ಟಾಗಿತ್ತು: ಬಿಳಿ ಅಂಚಿಗೆ ಅಂಟಿಕೊಂಡು, ಒಂಬತ್ತು ಓರೆಯಾಗಿ.

"ಇದೇನೋ ಇದು?" ಎಂದ ಸಾಹುಕಾರ. "ಬಿಳಿ ಇಲ್ಲಿರಲಿಲ್ಲ."

"ಕಲ್ಲಿನ ಮೇಲೆ ಬರ್ಕೊಂಡಿದ್ದೀನಿ!"

ಸಾಹುಕಾರ ಪರ್ಸಿನಿಂದ ಒಂದು ಹಳೆಯ ಬಸ್ ಟಿಕೆಟ್ಟನ್ನು ಬಿಡಿಸಿದ. ಮಡಿಕೆಗಳಲ್ಲಿ ಹರಿದು, ಟೇಪು ಅಂಟಿಸಿದ್ದ ಟಿಕೆಟ್ಟು. ಅದರ ಹಿಂದೆ ಪೆನ್ನಿನಲ್ಲಿ ಟೇಬಲ್ಲಿನ ಚಿತ್ರ, ಎರಡು ಚೆಂಡು, ಅಂಚಿನ ಅಳತೆ ಚುಕ್ಕೆಗಳ ಸಮೇತ. "ಆವತ್ತು ಬಸ್ಸಲ್ಲಿ ಕೂತು ಬರ್ಕೊಂಡೆ. ದಿನಾ ನೋಡ್ತೀನಿ."

ಬಟ್ಟೆಯಣ್ಣ ಚಿತ್ರ ನೋಡಿದ. ಟೇಬಲ್ಲು ನೋಡಿದ. ಅವನಿಗೆ ನಿಧಾನವಾಗಿ ಅರ್ಥವಾಯಿತು. ಆರು ಸಲ ಬಟ್ಟೆ ಬದಲಿಸಿದ್ದ, ಆರು ಸಲ ಗುರುತು ಬರೆದಿದ್ದ. ಪ್ರತಿ ಸಲವೂ ಪೆನ್ಸಿಲು ಒಂದಿಷ್ಟೇ ಇಷ್ಟು ಅಂಚಿನ ಕಡೆ ಸರಿದಿತ್ತು. ಚೆಂಡು ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಅವನ ಕೈ. ಟಿಕೆಟ್ಟಿನ ಪ್ರಕಾರ ಬಿಳಿ, ಒಂಬತ್ತು, ಮೂಲೆಯ ಪಾಕೆಟ್ಟು ಮೂರೂ ಒಂದೇ ಗೆರೆಯಲ್ಲಿದ್ದವು. ಎರಡು ಗೇಣು ದೂರ. ಹಾಲಿಗೆ ನಿನ್ನೆ ಸೇರಿದವನೂ ಹಾಕಬಹುದಾದ ಚೆಂಡು.

"ಇಷ್ಟು ಸುಲಭ ಇತ್ತಾ?" ಎಂದ, ಸ್ವಂತ ಮನೆ ಹರಾಜಿಗೆ ಬಂದವನ ಧ್ವನಿಯಲ್ಲಿ.

"ಇಲ್ದಿದ್ರೆ ನಾನ್ಯಾಕೋ ಓಡ್ಹೋಗ್ತಿದ್ದೆ?"

ಬಟ್ಟೆಯಣ್ಣ ಬಿಳಿ ಚೆಂಡನ್ನು ಎತ್ತಿ ಟಿಕೆಟ್ಟು ಹೇಳಿದ ಜಾಗದಲ್ಲಿಟ್ಟ. ಹದಿನೆಂಟು ವರ್ಷದ ಉಪನ್ಯಾಸ ಅಲ್ಲಿಗೆ ಮುಗಿಯಿತು. ಸಾಹುಕಾರ ಕುರ್ಚಿಯಲ್ಲಿ ಕೂತ. ಬಟ್ಟೆಯಣ್ಣ ಚಾಕ್ ಉಜ್ಜಿ ಬಾಗಿದ.

"ಒಂದ್ನಿಮಿಷ ಇರೋ" ಎಂದು ಸಾಹುಕಾರ ಎದ್ದ. "ಬಸ್ಸಿನ ಧೂಳು. ಕೈ ತೊಳ್ಕೊಂಡು ಬರ್ತೀನಿ."

ಒಳಗೆ ನಲ್ಲಿ ತಿರುಗಿತು. ಬಟ್ಟೆಯಣ್ಣ ಬಾಗಿದವನು ಬಾಗಿದಂತೆಯೇ ಇದ್ದ. ಚೆಂಡು, ಹಣ, ಹಾಲು ಎಲ್ಲ ಅವನ ಕಣ್ಣಿಂದ ಮಾಯವಾಗಿ ಆ ನೀರಿನ ಸದ್ದೊಂದೇ ಉಳಿಯಿತು. ಎಷ್ಟು ಮಧ್ಯಾಹ್ನ ಎಷ್ಟು ನಲ್ಲಿಗಳ ಸದ್ದಿಗೆ ಅವನು ಹೀಗೆ ತಲೆಯೆತ್ತಿ ಬಾಗಿಲು ನೋಡಿದ್ದ ಎಂಬುದು ಅವನಿಗೂ ಲೆಕ್ಕವಿಲ್ಲ.

"ಹೋದ!" ಎಂದ ಹವಾಮಾನ ಖಂಡಿತವಾದ ಧ್ವನಿಯಲ್ಲಿ. "ಕಿಟಕಿಯಿಂದ ಮತ್ತೆ ಹೋದ, ಬರೆದಿಟ್ಕೊಳ್ಳಿ."

ಎಲ್ಲರಿಗೂ ಸಮಾಧಾನವಾಯಿತು. ನಲ್ಲಿ ನಿಂತಿತು. ಸಾಹುಕಾರ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬಂದು ಕೂತ. "ಹ್ಞೂಂ, ಹೊಡಿ."

ಹೊಡೆದ. ಒಂಬತ್ತು ಪಾಕೆಟ್ಟಿಗೆ ಬಿತ್ತು. ಅಷ್ಟು ವರ್ಷಕ್ಕೆ ಅಷ್ಟೇ ಸದ್ದು. ಬಿಳಿ ಚೆಂಡು ಹಿಂದಕ್ಕೆ ತಿರುಗಿ, ಟೇಬಲ್ಲಿನ ಉದ್ದಕ್ಕೂ ನಿಧಾನವಾಗಿ ಉರುಳತೊಡಗಿತು. ಮೊದಲ ಸಂದು ದಾಟಿತು, ಎರಡನೆಯದು ದಾಟಿತು. ಅಷ್ಟು ಮೆಲ್ಲಗೆ ಹೋಗುವ ಚೆಂಡು ಕಲ್ಲಿನಲ್ಲಿ ಎಳ್ಳಷ್ಟು ಏರುಪೇರಿದ್ದರೂ ಸೊಟ್ಟಗಾಗುತ್ತದೆ. ಅದು ಆಗಲಿಲ್ಲ. ಗೆರೆ ಎಳೆದ ಹಾಗೆ ಹೋಗಿ ಆಚೆ ತುದಿಯಲ್ಲಿ ನಿಂತಿತು.

ಜನ ಚಪ್ಪಾಳೆ ತಟ್ಟಿದರು. ಸಾಹುಕಾರ ತಟ್ಟಲಿಲ್ಲ. ಎದ್ದು ಬಂದು ಹೊಸ ಬಟ್ಟೆಯ ಮೇಲೆ ಅಂಗೈ ಆಡಿಸಿದ. ಸಂದು ಎಲ್ಲಿದೆಯೆಂದು ಬೆರಳಲ್ಲಿ ಹುಡುಕಿದ. ಸಿಗಲಿಲ್ಲ. ಊರುಗೋಲನ್ನು ನೆಲಕ್ಕೆ ಕುಟ್ಟಿದ. ಟಕ್, ಟಕ್.

"ಇದು ಹೊಡೆತಕ್ಕಲ್ಲ" ಎಂದ.

"ಗೊತ್ತು" ಎಂದ ಬಟ್ಟೆಯಣ್ಣ.

ದೀಪದ ಮೇಲಿನ ಹಣ ಇಳಿಸಿದರು. ನೋಟುಗಳು ಗರಿಗರಿಯಾಗಿಯೇ ಇದ್ದವು, ಆದರೆ ಆ ನೋಟು ಚಲಾವಣೆ ನಿಂತು ಬಹಳ ವರ್ಷವಾಗಿತ್ತು. ಬಟ್ಟೆಯಣ್ಣನ ಹೆಂಡತಿ ಅವನ್ನು ಎಣಿಸಿ, "ಸರಿಯಾಗಿದೆ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಸ ಬಟ್ಟೆಯ ಅಂಚು ಹಿಡಿದು ನೋಡಿ, "ನಾಳೆ ಇದನ್ನ ಹುಷಾರಾಗಿ ಬಿಚ್ಚಿ, ಹರೀಬೇಡಿ. ನಂಗೆ ಬೇಕು" ಎಂದಳು.

ಐದು ಗಂಟೆಯ ಬಸ್ಸಿಗೆ ಇಬ್ಬರೂ ನಿಲ್ದಾಣಕ್ಕೆ ನಡೆದರು. ಹವಾಮಾನ ಹಿಂದೆ ಬಿದ್ದಿದ್ದ. ಆಟ ಮುಗಿದಿತ್ತು, ಇನ್ನು ಒಬ್ಬರಿಗೊಬ್ಬರು ಏನೂ ಬಾಕಿಯಿರಲಿಲ್ಲ. ಆ ಯೋಚನೆ ಬಟ್ಟೆಯಣ್ಣನಿಗೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು.

ಬಸ್ಸು ಬಂತು. ಸಾಹುಕಾರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. "ನೋಡೋ, ನಿನ್ನ ಹತ್ರ ಐನೂರು ಸುಮ್ನೆ ಕೂತಿರತ್ತೆ. ಬಸ್ ಚಾರ್ಜಿಗೆ ಕೊಡು. ಮುಂದಿನ ತಿಂಗಳು ಬಂದು ವಾಪಸ್ ಕೊಡ್ತೀನಿ."

ಅವನ ಅಂಗಿಯ ಜೇಬಿನಿಂದ ವಾಪಸ್ ಹೋಗುವ ಟಿಕೆಟ್ಟಿನ ತುದಿ ಇಣುಕುತ್ತಿತ್ತು. ಬಟ್ಟೆಯಣ್ಣನಿಗೆ ಕಂಡಿತು. ಕಂಡದ್ದು ಸಾಹುಕಾರನಿಗೂ ಗೊತ್ತಾಯಿತು. ಬಟ್ಟೆಯಣ್ಣ ಹಣ ತೆಗೆದು ಅದೇ ಜೇಬಿಗೆ, ಟಿಕೆಟ್ಟಿನ ಪಕ್ಕದಲ್ಲೇ, ನಿಧಾನವಾಗಿ ತುರುಕಿದ.

"ತಪ್ಪಿಸ್ಬೇಡ ಕಣೋ, ನಾನು ಮನೆ ಬಾಗಿಲಿಗೆ ಬಂದು ಕೇಳೋನು."

"ಬಾ, ಬಾ. ಜೆರಾಕ್ಸ್ ಅಂಗಡೀಲಿ ಹಿಂದಿನ ಬಾಗಿಲಿಲ್ಲ."

ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು. ಹವಾಮಾನ ಬಟ್ಟೆಯಣ್ಣನ ಭುಜ ತಟ್ಟಿದ. "ಆ ದುಡ್ಡೂ ಹೋಯ್ತು, ಅವನೂ ಹೋದ. ಇನ್ನು ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ."

"ಖಂಡಿತಾನಾ?" ಎಂದ ಬಟ್ಟೆಯಣ್ಣ.

"ಬರೆದಿಟ್ಕೋ."

ಬಟ್ಟೆಯಣ್ಣ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಟೀ ಕೊಡಿಸಿದ.